ಕಡೇ ಪಂಕ್ತಿ ಏಳುವ ತನಕ

ತಂಪಿನಪೇಟೆ, ಕಪ್ಪತಗುಡ್ಡದ ಬುಡ
ನಡುಬೇಸಿಗೆ ಮಾಸದ ನಲವತ್ತನಾಲ್ಕನೆಯ ದಿನ, ನಿಮ್ಮ ಎಣಿಕೆಯಲ್ಲಿ 2219

ನನ್ನ ಕಸುಬಿನ ಅಕ್ಕನಿಗೆ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ಹೆಂಗಸೋ ಗಂಡಸೋ ಅದೂ ಗೊತ್ತಿಲ್ಲ. ಅಕ್ಕ ಎಂದು ಕರೆದುಬಿಟ್ಟಿದ್ದೇನೆ, ಅಣ್ಣನಾಗಿದ್ದರೆ ನಕ್ಕು ಸುಮ್ಮನಾಗು. ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಮ್ಮ ಬೇಸಿಗೆ ನಿಮ್ಮ ಚೈತ್ರ ವೈಶಾಖಗಳಲ್ಲಿ ಹಿಡಿಸದಷ್ಟು ಉದ್ದವಾದಾಗ ನಮ್ಮ ಮುತ್ತಜ್ಜಂದಿರು ನಡುವೆ ಒಂದು ತಿಂಗಳು ತುರುಕಿದರು. ಅದೇ ನಡುಬೇಸಿಗೆ. ಅದಕ್ಕೆ ಇಷ್ಟೇ ದಿನ ಎಂಬ ಕಟ್ಟಿಲ್ಲ, ಮೊದಲ ಮಳೆ ಬಿದ್ದ ದಿನ ಮುಗಿಯುತ್ತದೆ. ಈ ವರ್ಷ ಇನ್ನೂ ಬಿದ್ದಿಲ್ಲ. ಇಂಥ ಇನ್ನೂ ಕೆಲವು ವಿಚಿತ್ರ ಮಾತು ಈ ಪತ್ರದಲ್ಲಿ ಬರುತ್ತವೆ, ಹೊಟ್ಟೆಗೆ ಹಾಕಿಕೋ.

ನನ್ನ ಹೆಸರು ಫಕ್ಕೀರವ್ವ. ನಾನು ಆಸರೆಗಾರ್ತಿ. ಎಂದರೆ, ಕಾಯಿಲೆಯವರ ಮನೆಗೆ ಹೋಗಿ ಅವರ ಮೈಯ ಕೆಲಸಕ್ಕೆ ಕೈ ಜೋಡಿಸುವವಳು. ನಮ್ಮಲ್ಲಿ ಒಂದು ಪದ್ಧತಿ ಇದೆ. ನಾವು ನೋಡಿಕೊಂಡವರು ತೀರಿಕೊಂಡರೆ, ಮುಂದಿನ ಮನೆಗೆ ಹೋಗುವ ಮೊದಲು ಹಿಂದೋಲೆ ಬರೆಯಬೇಕು. ನಮಗಿಂತ ಎಷ್ಟೋ ತಲೆಮಾರು ಹಿಂದೆ ಇದೇ ಕೆಲಸ ಮಾಡಿದ ಯಾರಿಗಾದರೂ ನಮ್ಮ ದುಃಖ ಹೇಳಿಕೊಳ್ಳುವ ಪತ್ರ ಅದು. ತಲುಪುತ್ತದೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಬರೆಯದೆ ಹೋದವಳ ಕೈ ಮುಂದಿನ ಮನೆಯಲ್ಲಿ ಒರಟಾಗುತ್ತದೆ ಎಂದು ನನಗೆ ಕೆಲಸ ಕಲಿಸಿದವಳು ಹೇಳುತ್ತಿದ್ದಳು. ನನ್ನ ಕೈ ಮೊದಲೇ ಸ್ವಲ್ಪ ಒರಟು, ನನ್ನ ಬಾಯಂತೂ ಹೇಳುವುದೇ ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ತೀರಿಕೊಂಡವರು ದೇಮಪ್ಪಜ್ಜ. ನಮ್ಮ ಊರಿನ ಬಡಿಸುವ ಹಿರಿಯ. ಅದು ಏನು ಎಂದು ನಿನಗೆ ತಿಳಿಯಬೇಕಾದರೆ ನಮ್ಮ ಊಟದ ರೀತಿ ಹೇಳಬೇಕು. ನಡುಬೇಸಿಗೆಯಲ್ಲಿ ಮನೆಯೊಳಗೆ ಒಲೆ ಹಚ್ಚಿದರೆ ಮನುಷ್ಯ ಬದುಕುವಂತಿಲ್ಲ, ಅಷ್ಟು ಕಾವು. ಗುಡ್ಡ ಕೊರೆದು ಮಾಡಿದ ದೊಡ್ಡ ಪಡಸಾಲೆಯಲ್ಲಿ ಊರಿಗೆಲ್ಲ ಒಂದೇ ಒಲೆ. ಅದನ್ನು ಕೂಡೊಲೆ ಎನ್ನುತ್ತೇವೆ. ಮೂರು ಓಣಿಯ ಜನ ಪಂಕ್ತಿಯಲ್ಲಿ ಕೂತು ಅಲ್ಲೇ ಉಣ್ಣುತ್ತಾರೆ. ಒಬ್ಬರ ಎಂಜಲು ಇನ್ನೊಬ್ಬರ ಕಾಲಿಗೆ ತಾಗುವಷ್ಟು ಹತ್ತಿರ. ಬಡಿಸುವುದು ನಮ್ಮಲ್ಲಿ ಸಣ್ಣ ಕೆಲಸ ಅಲ್ಲ. ಯಾರಿಗೆ ಹಲ್ಲಿಲ್ಲ, ಯಾರು ಬಸುರಿ, ಯಾರು ಬೇಕು ಎನ್ನಲು ನಾಚುತ್ತಾರೆ, ಅದನ್ನೆಲ್ಲ ಮುಖ ನೋಡಿ ತಿಳಿದು ಬಡಿಸಬೇಕು. ಬಡಿಸುವವರಿಗೆ ಕಟ್ಟುನಿಟ್ಟು ಎರಡು. ಮಣಿಕಟ್ಟಿನ ಮೇಲೆ ಬಳೆ, ದಾರ, ಏನೂ ಇರಬಾರದು. ಮತ್ತೆ, ಕಡೇ ಪಂಕ್ತಿ ಏಳುವ ತನಕ ಬಾಯಿಗೆ ಏನೂ ಹಾಕಬಾರದು, ಒಂದು ಗುಟುಕು ನೀರು ಸಹ. ಜನ ಉಂಡ ಮೇಲೆ ಬಡಿಸಿದವನ ಊಟ.

ದೇಮಪ್ಪಜ್ಜ ಮೀಸೆ ಮೂಡುವ ಮೊದಲೇ ಸೌಟು ಹಿಡಿದವರು. ಹೋದ ವರ್ಷ ಅವರ ಕರುಳಿನಲ್ಲಿ ಗಂಟು ಬೆಳೆಯಿತು. ದೂರದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಈಗ ನಮ್ಮ ಕಾಲದಲ್ಲಿ ಕೆಟ್ಟ ಕರುಳಿನ ಜಾಗಕ್ಕೆ ಹೊಸದನ್ನು ಬೆಳೆಸುತ್ತಾರೆ, ಕರುಳುಬೆಳೆ ಎಂದು ಅದಕ್ಕೆ ಹೆಸರು. ಅಜ್ಜನ ಮೈ ಅದನ್ನು ಒಪ್ಪಲಿಲ್ಲ. ಹಾಗಾಗಿ ನಿಮ್ಮ ಕಾಲದಲ್ಲಿ ಮಾಡುತ್ತಿದ್ದುದನ್ನೇ ಮಾಡಿದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆಯಿಂದ ಹೊರಗೆ ತಂದು ಕೂರಿಸಿದರು. ಸ್ಟೋಮಾ. ಆ ಮಾತು ಇನ್ನೂ ಉಳಿದಿದೆ, ಚೀಲವೂ ಉಳಿದಿದೆ. ನಿನ್ನ ಕಾಲದಲ್ಲಿ ಇಂಥವರು ಊರಿಗೆ ಹಲವರು ಇದ್ದರಂತೆ, ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಿದ್ದರಂತೆ. ನಮ್ಮಲ್ಲಿ ಅಜ್ಜ ಒಬ್ಬರೇ. ಒಬ್ಬರೇ ಇದ್ದಾಗ ಎಲ್ಲದಕ್ಕೂ ನಾಚಿಕೆಯಾಗುತ್ತದೆ.

ಅವರ ಮಗಳು ನೀಲಗಂಗಾ ನನ್ನನ್ನು ಕರೆಸಿದಳು. ಮೊದಲ ದಿನ ಅಜ್ಜ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅಂಗಿ ಎತ್ತಲು ಬಿಡಲೊಲ್ಲರು. ಚೀಲ ಸೋರಿ, ಸುತ್ತಲಿನ ಚರ್ಮ ಬೆಂದಂತೆ ಕೆಂಪಾಗಿತ್ತು. ಸಣ್ಣ ಕರುಳಿನದು ನೀರಿನಂತೆ ಹರಿಯುತ್ತದೆ, ತಾಗಿದ ಚರ್ಮವನ್ನೇ ತಿನ್ನುತ್ತದೆ, ಅದು ನಿನಗೆ ಗೊತ್ತು. ನಾನು ಉಗುರುಬೆಚ್ಚನೆ ನೀರಿನಿಂದ ತೊಳೆದು, ಒತ್ತಿ ಒಣಗಿಸಿ, ಅಂಟುಬಿಲ್ಲೆಯ ತೂತನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೂರಿಸಿದೆ. ಅಜ್ಜ ಕಣ್ಣು ಮುಚ್ಚಿಕೊಂಡೇ ಇದ್ದರು. ಕಡೆಗೆ ಕೇಳಿದರು, "ಹೇಸಿಗಿ ಬರಲಿಲ್ಲೇನು ತಂಗಿ ನಿನಗ?" ನಾನು ಅಂದೆ, "ಅಜ್ಜಾರ, ನನಗ ಹೇಸಿಗಿ ಬರೂದು ಸುಳ್ಳು ಹೇಳೋರ ಕಂಡ್ರ. ಇದು ಸುಳ್ಳು ಹೇಳೂದಿಲ್ಲ. ಉಂಡದ್ದನ್ನ ಉಂಡಂಗ ಹೇಳತೈತಿ." ಆವತ್ತು ಅಜ್ಜ ನಕ್ಕರು. ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆಯ ಮೇಲಿನ ಆ ಕೆಂಪು ಕರುಳಿನ ತುದಿಗೆ ಕೆಂಪವ್ವ ಎಂದು ಹೆಸರಿಟ್ಟರು. ಮುಂಜಾನೆ ನಾನು ಹೊಸ್ತಿಲು ದಾಟುವಾಗ, "ಕೆಂಪವ್ವ ಎದ್ದಾಳ ನೋಡು, ಲಗೂನ ಬಾ," ಎಂದು ಕೂಗುವರು. ಹಸಿವಿನ ಹೊತ್ತಿನಲ್ಲಿ, ಕೆಂಪವ್ವ ಮಲಗಿರುವಾಗ ಚೀಲ ಬದಲಿಸುವುದನ್ನು ಕಲಿತರು. ಕಾಲುಭಾಗ, ಅರ್ಧ ತುಂಬುವಾಗಲೇ ಖಾಲಿ ಮಾಡುವುದನ್ನು ಕಲಿತರು. ಆಮೇಲಾಮೇಲೆ ಎಲ್ಲ ತಾವೇ ಮಾಡಿಕೊಂಡು, ನನ್ನನ್ನು ಸುಮ್ಮನೆ ಕೂರಿಸಿಕೊಂಡು ಹರಟೆ ಹೊಡೆಯುತ್ತಿದ್ದರು. ನನಗೆ ಅವರ ಮೇಲೆ ಬಹಳ ಪ್ರೀತಿ ಇತ್ತು. ಇದನ್ನು ಅವರಿಗೆ ಹೇಳಿರಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಮನೆಯೊಳಗೆ ಹೀಗೆ. ಹೊಸ್ತಿಲಾಚೆ ಬೇರೆ. ಊರಿಗೆ ಅಜ್ಜ ಹೇಳಿದ್ದು ಸೊಂಟ ಹಿಡಿದಿದೆ ಎಂದು. ಮಗಳ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದ್ದರು. ನನಗೆ ಆಣೆ ಬೇಕಿರಲಿಲ್ಲ, ನಮ್ಮ ಕಸುಬಿಗೆ ಬಾಯಿಕಟ್ಟು ಇದೆ. ಒಬ್ಬರ ಮೈಯ ವಿಷಯ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. "ಗಡಿಗಿ ಬಾಯಿಗೆ ಮುಚ್ಚಳ ಐತಿ, ಊರ ಬಾಯಿಗೆ ಎಲ್ಲೈತಿ?" ಎನ್ನುವರು ಅಜ್ಜ. "ಹೊಟ್ಟಿ ಮ್ಯಾಲೆ ಹೊಲಸು ಕಟ್ಟಿಕೊಂಡವ ಬಡಿಸಿದ ಹುಗ್ಗಿ ಯಾರು ಉಣ್ತಾರ? ಬಾಯಿಲೆ ಏನೂ ಅನ್ನೂದಿಲ್ಲ ಅವರು, ಎಲಿ ಬಿಟ್ಟು ಏಳ್ತಾರ. ಅದನ್ನ ನೋಡೂದ್ಕಿಂತ ಸಾಯೂದು ಚಲೋ." ನಾನು ಬೈದೆ, ತಿಳಿಸಿ ಹೇಳಿದೆ. ಚೀಲ ಗಟ್ಟಿ ಇದೆ, ವಾಸನೆ ಬರುವುದಿಲ್ಲ, ಕೈ ತೊಳೆದರೆ ಮುಗಿಯಿತು ಎಂದೆ. ನನ್ನ ಮಾತು ಕಿವಿಗೆ ಹೋಗುತ್ತಿತ್ತು, ಮನಸ್ಸಿಗೆ ಇಳಿಯುತ್ತಿರಲಿಲ್ಲ.

ಊರಿನವರು ನಿಜಕ್ಕೂ ಸೊಂಟವನ್ನೇ ವಿಚಾರಿಸುತ್ತಿದ್ದರು. ಬಂದವರೆಲ್ಲ ಎಣ್ಣೆ ತರುವರು. ಔಡಲೆಣ್ಣೆ, ಬೇವಿನೆಣ್ಣೆ, ಯಾವುದೋ ಬೇರಿನ ಎಣ್ಣೆ, ಗೋಡೆಯ ಮಾಡದ ತುಂಬ ಬಾಟಲಿ. ಎದುರುಮನೆಯ ಶಿವಗಂಗವ್ವ ಅಜ್ಜನಿಗಿಂತ ಹಿರಿಯಳು, ತುಂಟ ಮುದುಕಿ. ಅವಳು ಎಣ್ಣೆಯ ಜೊತೆಗೆ ಮೆತ್ತನೆ ಅನ್ನ, ಬಾಳೆಹಣ್ಣು ತರುವಳು. "ಮನ್ಯಾಗ ಉಳದಿತ್ತು, ಚೆಲ್ಲೂದು ಯಾಕಂತ ತಂದೆ. ಸೊಂಟ ಹ್ಯಾಂಗೈತೋ ದೇಮ?" ಎಂದು ಕೇಳುವಳು. ಅಜ್ಜ ಸೊಂಟದ ಮೇಲೆ ಕೈಯಿಟ್ಟು ನರಳಿ ತೋರಿಸುವರು. ಅವಳು ಹೋದ ಮೇಲೆ ನಾವು ಮೂವರೂ ಬಾಯಿಗೆ ಬಟ್ಟೆ ಒತ್ತಿ ನಗುತ್ತಿದ್ದೆವು. ಎಷ್ಟು ನಕ್ಕಿದ್ದೇವೆ ಅಕ್ಕ.

ಈ ವರ್ಷ ಕೂಡೊಲೆ ಹಚ್ಚುವ ದಿನ ಹತ್ತಿರ ಬಂದಾಗ ಊರ ಹಿರಿಯರು ಮನೆಗೆ ಬಂದರು. ಮೊದಲ ದಿನದ ಗೋಧಿಹುಗ್ಗಿಯನ್ನು ನೀವೇ ಬಡಿಸಬೇಕು, ಹೋದ ವರ್ಷ ಬೇರೆಯವರ ಕೈಯಲ್ಲಿ ಉಂಡು ತೃಪ್ತಿಯಾಗಲಿಲ್ಲ ಎಂದರು. ಅವರು ಹೋದ ಮೇಲೆ ಅಜ್ಜ ನನ್ನ ಮುಖ ನೋಡಿ, "ಒಂದ ಸಲ, ಫಕ್ಕೀರವ್ವ. ಒಂದ ಸಲ ಬಡಿಸಿ ಸೌಟು ಕೆಳಗಿಟ್ಟು ಬಿಡ್ತೀನಿ," ಎಂದರು. ಆ ಮುಖ ನೋಡಿ ಬೇಡ ಎನ್ನಲು ಯಾರಿಂದಲೂ ಆಗುತ್ತಿರಲಿಲ್ಲ. ನಾನು ಬೇಡ ಎನ್ನಲೂ ಇಲ್ಲ. ಮನುಷ್ಯನಿಗೆ ಬೇಕಾದದ್ದನ್ನು ಮಾಡಲು ನೆರವಾಗುವುದೇ ನಮ್ಮ ಕೆಲಸ, ಮಂಚಕ್ಕೆ ಕಟ್ಟಿಹಾಕುವುದಲ್ಲ. ಭಾರದ ಬಕೆಟ್ಟು ಎತ್ತದಂತೆ ಇನ್ನೊಬ್ಬರು ಹಿಡಿದುಕೊಳ್ಳುವುದೆಂದು ಗೊತ್ತುಮಾಡಿದೆ. ಅದಕ್ಕೆ ನೆಪ ಸಿದ್ಧವಾಗಿಯೇ ಇತ್ತು, ಸೊಂಟ. ಹೊಟ್ಟೆಗೆ ಅಗಲ ಪಟ್ಟಿ ಹೊಲಿದು ಕೊಟ್ಟೆ.

ಉಳಿದದ್ದು ನೀರು. ನಿನಗೆ ನಾನು ಹೇಳಬೇಕಾಗಿಲ್ಲ. ಸಣ್ಣ ಕರುಳಿನ ಸ್ಟೋಮಾ ಇದ್ದವರ ಮೈಯಿಂದ ನೀರು, ಉಪ್ಪು ಹರಿದು ಹೋಗುತ್ತಲೇ ಇರುತ್ತದೆ. ಉಪವಾಸ ಮಾಡಿದರೂ ನಿಲ್ಲುವುದಿಲ್ಲ. ಕುಡಿಯದಿದ್ದರೆ ಕಿಡ್ನಿ ಒಣಗುತ್ತದೆ. ಅದರಲ್ಲೂ ನಮ್ಮ ಈ ಸೆಕೆ. ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಪ್ರತಿ ಪಂಕ್ತಿ ಎದ್ದಾಗ ಅಜ್ಜ ಉಗ್ರಾಣದ ಹಿಂದೆ ಬರಬೇಕು, ಅಲ್ಲಿ ನಾನು ಉಪ್ಪು ಸಕ್ಕರೆ ಬೆರೆಸಿದ ನೀರು ಹಿಡಿದು ನಿಂತಿರಬೇಕು. ಬಡಿಸುವವರ ಕಟ್ಟನ್ನು ಕದ್ದು ಮುರಿಯುವುದು ಅಜ್ಜನಿಗೆ ಸುಲಭವಾಗಿರಲಿಲ್ಲ. ಆದರೂ ಹೂಂ ಎಂದರು.

ಹಿಂದಿನ ದಿನವೇ ಊಟ ಬಿಟ್ಟುಬಿಟ್ಟಿದ್ದರು ಎಂದು ನನಗೆ ಗೊತ್ತಾದದ್ದು ಮುಂಜಾನೆ. ಚೀಲ ತುಂಬಬಾರದು, ಜನರ ನಡುವೆ ಉಬ್ಬಬಾರದು, ಅದಕ್ಕೆ. ನೀಲಗಂಗಾ ಅತ್ತುಕೊಂಡು ಹೇಳಿದಳು, "ಬಡಸೋರ ಉಪಾಸ ಅಂದ್ರು, ನಾ ಏನ್ ಮಾಡ್ಲಿ?" ನಾನು ರೇಗಿದೆ. ನಾಲಿಗೆ ತೋರಿಸಿರಿ ಎಂದೆ, ತೋರಿಸಿದರು, ಒಣಗತೊಡಗಿತ್ತು. ದೊಡ್ಡ ತಂಬಿಗೆಯ ನೀರನ್ನು ಎದುರು ಕೂತು ಕುಡಿಸಿದೆ. ಮಣಿಕಟ್ಟಿನಲ್ಲಿ ಮೈಗಾವಲು ಇತ್ತು. ಮೈಯಲ್ಲಿ ನೀರು ಕಡಿಮೆಯಾದರೆ, ನಾಡಿ ತಪ್ಪಿದರೆ ಕೂಗಿ ಹೇಳುವ ಮಣಿಸರ ಅದು. ಅದನ್ನು ಬಿಚ್ಚಿ ನನ್ನ ಉಡಿಗೆ ಹಾಕಿದರು. ಬಡಿಸುವ ಕೈ ಬರಿದಾಗಿರಬೇಕಲ್ಲ.

ಪಡಸಾಲೆಯಲ್ಲಿ ಅಜ್ಜ ಸೌಟು ಎತ್ತಿದಾಗ ಜನ ಹೋ ಎಂದರು. ಏನು ಬಡಿಸಿದರು ಅಂತೀ! ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಹಲ್ಲಿಲ್ಲದವರಿಗೆ ಮೇಲಿನ ತಿಳಿ, ಕೂಸಿದ್ದವರಿಗೆ ತುಪ್ಪದ ಭಾಗ. ಮೊದಲ ಪಂಕ್ತಿ ಎದ್ದಿತು. ನಾನು ಉಗ್ರಾಣದ ಹಿಂದೆ ತಂಬಿಗೆ ಹಿಡಿದು ಕಾದೆ. ಅಜ್ಜ ಬರಲಿಲ್ಲ. ಎರಡನೆಯ ಪಂಕ್ತಿ ಆಗಲೇ ಕೂತುಬಿಟ್ಟಿತ್ತು. ಇಣುಕಿ ನೋಡಿ ಕೈಸನ್ನೆ ಮಾಡಿದೆ, ಆಮೇಲೆ ಎಂಬಂತೆ ತಲೆ ಆಡಿಸಿದರು. ಎರಡನೆಯದೂ ಎದ್ದಿತು, ಮೂರನೆಯದೂ ಎದ್ದಿತು. ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಮೊದಲು ಉಂಡವರೇ ಕೈತೊಳೆದುಕೊಂಡು ಬಂದು ಮತ್ತೆ ಕೂತರು. "ಅಜ್ಜಾರ ಕೈಯಾಂದು ಇನ್ನೊಂದ್ ತುತ್ತು! ನಾಳಿಗಿ ಸೊಂಟ ಹಿಡೀತಂದ್ರ ಸಿಗ್ತದೇನು?" ಎಂದು ನಗುತ್ತಿದ್ದರು. ಹೊಟ್ಟೆ ತುಂಬಿದವರು, ಬರೀ ಪ್ರೀತಿಗೆ ಕೂತವರು. ಪಂಕ್ತಿ ಏಳುವ ತನಕ ಬಡಿಸುವವನು ನೀರು ಮುಟ್ಟುವಂತಿಲ್ಲ. ಅವರು ಏಳುತ್ತಲೇ ಇಲ್ಲ. ಅಜ್ಜನ ತುಟಿ ಬೆಳ್ಳಗಾಗಿತ್ತು, ಕಾಲಿನ ಸ್ನಾಯು ಹಿಡಿದು ಒಂದು ಹೆಜ್ಜೆ ಎಳೆದು ಹಾಕುತ್ತಿದ್ದರು. ಸೊಂಟದ ನೋವಿನ ಆಟ ಕಟ್ಟುತ್ತಿದ್ದಾರೆಂದು ಯಾರೋ ನಕ್ಕರು.

ನನಗೆ ತಡೆಯಲಾಗಲಿಲ್ಲ. ಪಂಕ್ತಿಯ ನಡುವೆ ನುಗ್ಗಿ ತಂಬಿಗೆಯನ್ನು ಅಜ್ಜನ ಬಾಯಿಗೆ ಹಿಡಿದೆ. ಅಜ್ಜ ಮುಖ ತಿರುಗಿಸಿದರು. ಆಗ ಬಾಯಿಕಟ್ಟು ಕಿತ್ತೆಸೆದು ಕೂಗಿದೆ, "ಅವರ ಹೊಟ್ಟಿ ಮ್ಯಾಲೆ ಕರುಳಿನ ಚೀಲ ಐತಿ! ನೀರು ಕುಡೀದಿದ್ರ ಸಾಯ್ತಾರ! ಏಳ್ರಿ, ಎಲ್ಲಾರೂ ಎದ್ದೇಳ್ರಿ!" ಪಡಸಾಲೆ ಗಪ್ಪಾಯಿತು. ಆ ಮೌನದಲ್ಲಿ ಅಂಗಿಯೊಳಗಿನ ಕೆಂಪವ್ವ ಗುರ್ ಎಂದಳು. ಎಲ್ಲರಿಗೂ ಕೇಳಿಸಿತು. ಒಬ್ಬರೂ ಎಲೆ ಬಿಟ್ಟು ಏಳಲಿಲ್ಲ, ಒಬ್ಬರೂ ಮುಖ ಸಿಂಡರಿಸಲಿಲ್ಲ. ಶಿವಗಂಗವ್ವ ಕೂತಲ್ಲಿಂದಲೇ ಅಂದಳು, "ಗೊತ್ತೈತಿ ಬಿಡವ್ವ. ನಮಗೆಲ್ಲಾರಿಗೂ ಗೊತ್ತೈತಿ."

ಅಜ್ಜ ಅವಳ ಕಡೆ ತಿರುಗಿದರು. "ಗೊತ್ತಿತ್ತಾ?"

"ಹೋದ ವರ್ಷದಿಂದ ಗೊತ್ತೈತೋ ಯಪ್ಪಾ. ನೀ ಸೊಂಟ ಅಂದಿ, ನಾವೂ ಸೊಂಟ ಅಂದ್ವಿ."

"ಮತ್ತ ಯಾಕ ಹೇಳಲಿಲ್ಲ?"

"ನೀ ನೊಂದುಕೋತಿ ಅಂತ," ಎಂದಳು ಮುದುಕಿ. "ಆದ್ರ ನೀರು ಬಿಟ್ರ ನಿನ್ನ ಜೀವಕ್ಕ ಕುತ್ತು ಅಂತ ನಮಗೇನು ಗೊತ್ತೋ ದೇಮ, ಅದು ಗೊತ್ತಿರಲಿಲ್ಲೋ..."

ಆಗ ಅಜ್ಜ ನೀರು ಕುಡಿದರು. ಎಲ್ಲರೆದುರು, ಗಟಗಟ, ಗಡ್ಡದ ಮೇಲೆಲ್ಲ ಸುರಿಸಿಕೊಂಡು. ಪಂಕ್ತಿಯ ನಡುವೆ ಅವರನ್ನು ಕೂರಿಸಿ, ಎಲೆ ಹಾಕಿ, ಯಾರ್ಯಾರೋ ಕೈ ಮುಂದೆ ಮಾಡಿ ಬಡಿಸಿದರು. ಎರಡು ತುತ್ತು ಉಂಡಿರಬೇಕು, ಪಕ್ಕಕ್ಕೆ ವಾಲಿದರು. ಆಸ್ಪತ್ರೆಗೆ ಹೊತ್ತೊಯ್ದೆವು. ಮುಂಚಿನ ಕೊಯ್ತದಲ್ಲೇ ಸೋತಿದ್ದ ಕಿಡ್ನಿ, ಮತ್ತೆ ಏಳಲಿಲ್ಲ. ಹೊಸದು ಬೆಳೆಸೋಣವೆಂದರೆ ಆ ಮೈ ಯಾವ ಬೆಳೆಯನ್ನೂ ಒಪ್ಪುವುದಲ್ಲ. ಮಲಗಿದ್ದ ಆ ಕೆಲವು ದಿನ ಮೂರು ಓಣಿಯ ಜನ ಸರದಿಯಲ್ಲಿ ಬಂದು ಕೂತರು. ಚೀಲ ಈಗ ಹೊದಿಕೆಯ ಹೊರಗೇ ಇರುತ್ತಿತ್ತು, ಅಜ್ಜ ಮುಚ್ಚಿಕೊಳ್ಳುತ್ತಿರಲಿಲ್ಲ. "ಇಕಿ ಕೆಂಪವ್ವ," ಎಂದು ಬಂದವರಿಗೆ ಪರಿಚಯ ಮಾಡಿಕೊಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಚೀಲ ಖಾಲಿ ಮಾಡುವಾಗ ಮೆಲ್ಲಗೆ ಅಂದರು, "ಯಾರರ ಒಬ್ಬರು ಮಾರಿ ಮ್ಯಾಲೆ ಅಂದು ತೋರಿಸಿದ್ರ ಚಲೋ ಇತ್ತಲ್ಲ ತಂಗಿ. ಬೈದಿದ್ರೂ ಚಲೋ ಇತ್ತು. ಒಂದ್ ವರ್ಷ ನನ್ನ ಮಂದಿ ನಡುವ ನಾ ಕಳ್ಳನಂಗ ಕೂತೆ." ನಾನು ಅವರ ಪಾದ ಹಿಡಿದುಕೊಂಡು ಅತ್ತೆ. ಎರಡು ದಿನ ಬಿಟ್ಟು ಹೋಗಿಬಿಟ್ಟರು.

ಈಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದು. ಊರ ಮೇಲೆ ಮಾಡೋಣವೆಂದರೆ ಅವರು ಮಾಡಿದ ತಪ್ಪಾದರೂ ಏನು? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅಂಜಿದರು. ಎಣ್ಣೆ ಹೊತ್ತು ತಂದರು, ಉಳಿದಿತ್ತು ಎಂದು ಸುಳ್ಳು ಹೇಳಿ ಮೆತ್ತನೆ ಅನ್ನ ಮಾಡಿ ತಂದರು, ಹೊಟ್ಟೆ ಬಿರಿಯುವಷ್ಟು ಉಂಡಿದ್ದರೂ ಮತ್ತೆ ಪಂಕ್ತಿಗೆ ಕೂತರು. ಅಷ್ಟೆಲ್ಲ ಮಾಡಿದವರಿಗೆ ಒಂದು ಮಾತು ಆಡಲಾಗಲಿಲ್ಲ. ಶಿವಗಂಗವ್ವ ಈಗ ಕೂಡೊಲೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಅವಳ ಎಲೆಯನ್ನು ನಾನೇ ಮನೆಗೆ ಒಯ್ದು ಕೊಡುತ್ತೇನೆ, ಅರ್ಧಕ್ಕರ್ಧ ಹಾಗೇ ಉಳಿದಿರುತ್ತದೆ.

ಅಕ್ಕ, ನೀನು ಇದನ್ನು ಓದುವುದೇ ಆದರೆ, ಇವತ್ತು ಯಾರದೋ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಚೀಲ ಬದಲಿಸಿ ಬಂದಿರುತ್ತೀ. ಮದುವೆಗೆ ಹೋಗುವುದಿದೆ, ಅದಕ್ಕೆ ಊಟ ಬಿಟ್ಟಿದ್ದೇನೆ ಎಂದು ಅವರು ಹೇಳಿರುತ್ತಾರೆ. ಸೋಮವಾರ, ಏಕಾದಶಿ, ಹಸಿವಿಲ್ಲ, ಏನಾದರೂ ಒಂದು ಹೇಳಿರುತ್ತಾರೆ. ಅವರ ನಾಲಿಗೆ ನೋಡು, ನೀರು ಕುಡಿಸು. ಆಮೇಲೆ ಯಾರಿಗೆ ಅಂಜಿ ಬಿಟ್ಟಿದ್ದೀರಿ ಎಂದು ಕೇಳು. ಇದಕ್ಕಿಂತ ಹೆಚ್ಚಿಗೆ ನಾನು ನಿನ್ನಿಂದ ಬೇಡುವುದಿಲ್ಲ.

ನಾಳೆಯಿಂದ ನಾನು ಕೆಲಸಕ್ಕೆ ಹೋಗಬೇಕು. ಕೆಳಗಿನ ಪೇಟೆಯಲ್ಲಿ ಹೊಸ ಮನೆ. ಹಂಪವ್ವ ಎಂಬ ಹೆಂಗಸು, ಇನ್ನೂ ಪ್ರಾಯದವಳು, ಅವಳ ಮೈಯೂ ಕರುಳುಬೆಳೆಯನ್ನು ಒಪ್ಪಲಿಲ್ಲ. ಹಿಂದಿನ ಬಾಗಿಲಿಂದ ಬರಬೇಕಂತೆ, ಯಾರಾದರೂ ಕೇಳಿದರೆ ಹೊಲಿಗೆ ಕಲಿಸುವವಳು ಎನ್ನಬೇಕಂತೆ. ಅತ್ತೆಗೆ, ಮೈದುನಂದಿರಿಗೆ, ಕಟ್ಟಿಕೊಂಡ ಗಂಡನಿಗೂ ಏನೂ ಗೊತ್ತಿಲ್ಲ ಎಂದು ಹೇಳಿ ಕಳಿಸಿದ್ದಾಳೆ. ಬಾಯಿಕಟ್ಟು ಬಾಯಿಕಟ್ಟೇ, ನಾನು ಯಾರಿಗೂ ಹೇಳುವುದಿಲ್ಲ. ಹಿಂದಿನ ಬಾಗಿಲಿಂದಲೇ ಹೋಗುತ್ತೇನೆ. ಕೈ ತೊಳೆದುಕೊಂಡು ಅವಳ ಪಕ್ಕ ಕೂತು, ಅಂಗಿ ಎತ್ತುವ ಮೊದಲು, ಒಂದೇ ಒಂದು ಮಾತು ಕೇಳುತ್ತೇನೆ: "ಅವರಿಗೆ ಗೊತ್ತಿಲ್ಲಂತ ನಿನಗ ಹ್ಯಾಂಗ ಗೊತ್ತವ್ವ?"

ನಿನ್ನ ತಂಗಿ,
ಫಕ್ಕೀರವ್ವ